ಎರಡು ವಾರಕ್ಕೊಮ್ಮೆ ಗಾಳಿ ತೆಗೆಯಬೇಕಾಗಿದ್ದ ಮನೆ: ಹಳೆಯ ರೇಡಿಯೇಟರ್ ವ್ಯವಸ್ಥೆಯೊಂದರ ಪ್ರಕರಣ ಅಧ್ಯಯನ

ಮನೆಯವರು ಮೊದಲು ಹೇಳಿದ ದೂರು ಸರಳವಾಗಿತ್ತು. ಬಿಸಿನೀರು ಹರಿಸಿ ಕೋಣೆಗಳನ್ನು ಬೆಚ್ಚಗಿಡುವ 9 ರೇಡಿಯೇಟರ್‌ಗಳು ಮನೆಯಲ್ಲಿವೆ, ಅವುಗಳಲ್ಲಿ 4 ಸರಿಯಾಗಿ ಕಾಯುವುದಿಲ್ಲ, ಬಾಯ್ಲರ್ ಹಳೆಯದಾಗಿದೆ, ಬದಲಾಯಿಸಬೇಕೇನೋ ಎಂಬುದು ಅವರ ಅನುಮಾನ. ಮಾತಿನ ನಡುವೆ ಇನ್ನೊಂದು ಸಂಗತಿಯನ್ನು ಅವರು ದೂರು ಎಂದಲ್ಲದೆ ಮನೆಗೆಲಸಗಳಲ್ಲಿ ಒಂದೆಂಬಂತೆ ಹೇಳಿದರು: ಎರಡು ವಾರಕ್ಕೊಮ್ಮೆ ಪುಟ್ಟ ಕೀಲಿ ಹಿಡಿದು ಮೇಲ್ಮಹಡಿಯ ರೇಡಿಯೇಟರ್‌ಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು ಹಲವು ವರ್ಷಗಳ ರೂಢಿ. ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಎರಡನೆಯ ಮಾತು. ಅದೇ ನೀರು ಅದೇ ಕೊಳವೆಗಳಲ್ಲಿ ಸುತ್ತುತ್ತಿರುವಾಗ, ತೆಗೆದ ಗಾಳಿ ಹದಿನೈದು ದಿನಗಳಲ್ಲಿ ಮತ್ತೆ ಎಲ್ಲಿಂದ ಬರಬೇಕು? ರೇಡಿಯೇಟರ್‌ಗಳನ್ನು ಮುಟ್ಟುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು ಎಂದು ನಿರ್ಧರಿಸಿದೆ. ಮುಂದಿನ ಎಲ್ಲ ಕೆಲಸದ ಅನುಕ್ರಮವೂ ಆ ನಿರ್ಧಾರದಿಂದಲೇ ಹುಟ್ಟಿತು.

ವ್ಯವಸ್ಥೆ ಹೀಗಿತ್ತು. ನೆಲಮಹಡಿಯಲ್ಲಿ ಎರಕದ ಕಬ್ಬಿಣದ ಒಡಲಿನ ಗ್ಯಾಸ್ ಬಾಯ್ಲರ್. ಅಲ್ಲಿ ಕಾದ ನೀರು ತಾಮ್ರದ ಕೊಳವೆಯಲ್ಲಿ ಮೇಲ್ಮಹಡಿಯ ಕಪಾಟಿಗೆ ಏರಿ, ಅಲ್ಲಿರುವ ಪಂಪ್‌ನ ಮೂಲಕ ಎರಡೂ ಮಹಡಿಗಳ ರೇಡಿಯೇಟರ್‌ಗಳಿಗೆ ಹಂಚಿಕೆಯಾಗಿ, ಬೇರೊಂದು ಕೊಳವೆಯಲ್ಲಿ ಬಾಯ್ಲರ್‌ಗೆ ಮರಳುತ್ತಿತ್ತು. ಅಟ್ಟದ ಮೇಲೆ ಒಂದು ಪುಟ್ಟ ತೊಟ್ಟಿ. ಆ ತೊಟ್ಟಿಯ ತಳದಿಂದ ಹೊರಟ ಫೀಡ್ ಕೊಳವೆ, ಕೆಳಗೆ ಬಾಯ್ಲರ್‌ಗೆ ಸ್ವಲ್ಪ ಮೊದಲು, ಮರಳುವ ಕೊಳವೆಯನ್ನು ಕೂಡುತ್ತಿತ್ತು. ಕಡಿಮೆಯಾದ ನೀರನ್ನು ತುಂಬುವುದು ಅದರ ಕೆಲಸ. ಬಾಯ್ಲರ್‌ನಿಂದ ಹೊರಟ ಕೊಳವೆಯಿಂದ, ಪಂಪ್‌ಗೆ ಮೊದಲು ಕವಲೊಡೆದ ವೆಂಟ್ ಕೊಳವೆ ಮೇಲೇರಿ, ಆನೆಯ ಸೊಂಡಿಲಿನಂತೆ ಬಾಗಿ, ತೊಟ್ಟಿಯ ಮೇಲೆ ಬಾಯಿ ತೆರೆದುಕೊಂಡಿತ್ತು. ಬಾಯ್ಲರ್ ಮಿತಿಮೀರಿ ಕಾದರೆ ಉಗಿಗೂ ಉಕ್ಕುವ ನೀರಿಗೂ ಇದೇ ದಾರಿಯಾದ್ದರಿಂದ ಈ ಕೊಳವೆಗೆ ಯಾವ ವಾಲ್ವ್ ಕೂಡ ಇರಕೂಡದು, ಇರಲೂ ಇಲ್ಲ. ಫೀಡ್ ಒಂದು ತುದಿಯಲ್ಲಿ, ವೆಂಟ್ ಇನ್ನೊಂದು ತುದಿಯಲ್ಲಿ, ನಡುವೆ ಇಡೀ ಬಾಯ್ಲರ್: ಈ ಜೋಡಣೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಅಳತೆ

ಹೊರಗೆ 2 ಡಿಗ್ರಿ ಇದ್ದ ಒಂದು ಬೆಳಿಗ್ಗೆ, ಎಲ್ಲ ವಾಲ್ವ್‌ಗಳನ್ನು ಇದ್ದ ಹಾಗೆಯೇ ಬಿಟ್ಟು, ವ್ಯವಸ್ಥೆಯನ್ನು ಎರಡು ಗಂಟೆ ನಡೆಸಿ, ಪ್ರತಿ ರೇಡಿಯೇಟರ್‌ನ ಒಳಬರುವ ಮತ್ತು ಹೊರಹೋಗುವ ಕೊಳವೆಗಳ ಉಷ್ಣತೆಯನ್ನು ಬರೆದುಕೊಂಡೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಹೊಳೆಯುವ ತಾಮ್ರದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಅದು ತೋರುವುದು ಹೆಚ್ಚಾಗಿ ಸುಳ್ಳು, ಏಕೆಂದರೆ ಹೊಳಪಿನ ಲೋಹ ತನ್ನ ಶಾಖವನ್ನು ಬಹಳ ಕಡಿಮೆ ಹೊರಸೂಸಿ ಸುತ್ತಲಿನ ಗೋಡೆಯ ಶಾಖವನ್ನು ಪ್ರತಿಫಲಿಸುತ್ತದೆ. ಕೊಳವೆಗೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿ ಅದರ ಮೇಲೆ ಅಳೆದರೆ, ಇಲ್ಲವೇ ಕೊಳವೆಗೆ ಕಚ್ಚಿಕೊಳ್ಳುವ ಥರ್ಮಾಮೀಟರ್ ಜೋಡಿಯನ್ನು ಬಳಸಿದರೆ ಮಾತ್ರ ಅಂಕಿಗಳನ್ನು ನಂಬಬಹುದು.

ಬಾಯ್ಲರ್‌ಗೆ ಅತಿ ಹತ್ತಿರವಿದ್ದ ನಡುಮನೆಯ ರೇಡಿಯೇಟರ್‌ನಲ್ಲಿ ಒಳಗೆ 70, ಹೊರಗೆ 67 ಡಿಗ್ರಿ. ನಾಲ್ಕು ಬಡಪಾಯಿಗಳಲ್ಲಿ ಒಂದಾದ ಓದುವ ಕೋಣೆಯ ರೇಡಿಯೇಟರ್‌ನಲ್ಲಿ ಒಳಗೆ 48, ಹೊರಗೆ 29. ಕೋಣೆಯ ಉಷ್ಣತೆ 15 ಡಿಗ್ರಿ. ಈ ಅಂಕಿಗಳೇ ಅರ್ಧ ಕಥೆಯನ್ನು ಹೇಳಿಬಿಡುತ್ತವೆ. ನಡುಮನೆಯದು ಕೊಡುತ್ತಿದ್ದ ಸುಮಾರು 1,360 ವಾಟ್ ಶಾಖಕ್ಕೆ, ರೇಡಿಯೇಟರ್ ದಾಟುವಾಗ ನೀರು 11 ಡಿಗ್ರಿ ತಣ್ಣಗಾಗಬೇಕೆಂಬ ಹಳೆಯ ಲೆಕ್ಕದಂತೆ, ನಿಮಿಷಕ್ಕೆ 1.8 ಲೀಟರ್ ನೀರು ಸಾಕು; 3 ಡಿಗ್ರಿ ಮಾತ್ರ ಇಳಿಯುತ್ತಿದೆ ಎಂದರೆ ಅದು ನಿಮಿಷಕ್ಕೆ 6.5 ಲೀಟರ್ ನೀರನ್ನು ತನ್ನ ಮೂಲಕ ಹರಿಸಿಕೊಳ್ಳುತ್ತಿತ್ತು. ಓದುವ ಕೋಣೆಯದಕ್ಕೆ ಸಿಗುತ್ತಿದ್ದುದು ಅರ್ಧ ಲೀಟರ್‌ಗೂ ಕಡಿಮೆ. ರೇಡಿಯೇಟರ್‌ನ ಸಾಮರ್ಥ್ಯವನ್ನು ಅದರ ಸರಾಸರಿ ಉಷ್ಣತೆ ಕೋಣೆಗಿಂತ 50 ಡಿಗ್ರಿ ಹೆಚ್ಚಿರುವಾಗಿನ ಲೆಕ್ಕದಲ್ಲಿ ನಮೂದಿಸುತ್ತಾರೆ, ಮತ್ತು ಆ ಅಂತರ ಕಡಿಮೆಯಾದಂತೆ ಶಾಖ ಅದಕ್ಕಿಂತ ವೇಗವಾಗಿ, ಸುಮಾರು 1.3ರ ಘಾತದಲ್ಲಿ, ಕುಸಿಯುತ್ತದೆ. ಇಲ್ಲಿ ಅಂತರ 23.5 ಡಿಗ್ರಿ ಮಾತ್ರ. ಅಂದರೆ 1,400 ವಾಟ್‌ನ ರೇಡಿಯೇಟರ್ ಹೆಚ್ಚೆಂದರೆ 520 ವಾಟ್ ಕೊಡುತ್ತಿತ್ತು. ಕೋಣೆ 15ರವರೆಗಾದರೂ ಏರಿದ್ದು ಪಕ್ಕದ ಕೋಣೆಗಳ ಕೃಪೆಯಿಂದ.

ನಾಲ್ಕು ರೇಡಿಯೇಟರ್‌ಗಳ ರೋಗಲಕ್ಷಣಗಳು ನಾಲ್ಕು ಬಗೆಯವಾಗಿದ್ದವು. ಮೇಲಿನ ಬಚ್ಚಲುಮನೆಯದು ಕೆಳಗೆ ಬಿಸಿ, ಮೇಲೆ ತಣ್ಣಗೆ: ಒಳಗೆ ಅನಿಲ ಸೇರಿದೆ. ಓದುವ ಕೋಣೆಯದು ಮೇಲಂಚಿನಲ್ಲಿ ಬೆಚ್ಚಗಿದ್ದು, ಕೆಳಭಾಗದ ನಡುವೆ ಗುಡ್ಡದ ಆಕಾರದಲ್ಲಿ ತಣ್ಣಗಿತ್ತು; ತಳದಲ್ಲಿ ಗಸಿ ಕೂತಾಗ ಅಂಗೈಗೆ ಸಿಗುವ ನಕಾಶೆ ಇದು. ಊಟದ ಕೋಣೆಯದು ಎಲ್ಲ ಕಡೆ ಒಂದೇ ಸಮನೆ ಉಗುರುಬೆಚ್ಚಗೆ: ಒಳಗೆ ತಡೆಯಿಲ್ಲ, ನೀರು ಸಾಲುತ್ತಿಲ್ಲ. ಹಿಂಬದಿಯ ಮಲಗುವ ಕೋಣೆಯದು ಕೊಳವೆ ಬಿಸಿಯಾಗಿದ್ದರೂ ಪೂರ್ತಿ ತಣ್ಣಗೆ: ವಾಲ್ವ್ ಮುಚ್ಚಿಕೊಂಡಿದೆ. ಇವನ್ನು ಬಿಡಿಬಿಡಿಯಾಗಿ ನಾಲ್ಕು ರಿಪೇರಿಗಳೆಂದು ತಿಳಿದು ಒಂದೇ ದಿನದಲ್ಲಿ ಮುಗಿಸಿ ಹೋಗಬಹುದಿತ್ತು. ಹಿಂದೆ ಬಂದವರು ಬಹುಶಃ ಹಾಗೆಯೇ ಮಾಡಿದ್ದರು. ಪಂಪ್‌ನ ವೇಗವನ್ನು ಯಾರೋ ಅತಿ ಹೆಚ್ಚಿನ ಮೂರನೆಯ ಹಂತಕ್ಕೆ ಏರಿಸಿಟ್ಟಿದ್ದರು.

ಗಾಳಿಯ ಮೂಲ

ಇಂಥ ವ್ಯವಸ್ಥೆಯಲ್ಲಿ ಪದೇ ಪದೇ ಅನಿಲ ಸೇರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ಎಳೆಯಲ್ಪಡುತ್ತಿದೆ. ಇನ್ನೊಂದು, ಉಕ್ಕು ನೀರಿನೊಡನೆ ವರ್ತಿಸಿ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗುವಾಗ ಹುಟ್ಟುವ ಹೈಡ್ರೋಜನ್ ಮೇಲೆ ಸೇರುತ್ತಿದೆ. ಹಳೆಯ ಕಾಲದ ಕೆಲಸಗಾರರು ಹೊರಬರುವ ಅನಿಲಕ್ಕೆ ಕಡ್ಡಿ ಗೀರಿ ಹಿಡಿದು, ಹೊತ್ತಿಕೊಂಡರೆ ಹೈಡ್ರೋಜನ್ ಎಂದು ತೀರ್ಮಾನಿಸುತ್ತಿದ್ದರು. ಪರದೆಯ ಪಕ್ಕದಲ್ಲಿ ಆ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಬರಲಿಲ್ಲ. ಅಟ್ಟ ಹತ್ತಿ ತೊಟ್ಟಿಯ ಮುಚ್ಚಳ ತೆಗೆದಾಗ ತಳದಲ್ಲಿ ಇಟ್ಟಿಗೆ ಪುಡಿಯ ಬಣ್ಣದ ರಾಡಿ ಕೂತಿತ್ತು. ಆಮ್ಲಜನಕ ಕಡಿಮೆ ಇರುವಲ್ಲಿ ಕಬ್ಬಿಣ ಕಪ್ಪಾಗಿ ಕರಗುತ್ತದೆ. ಕೆಂಪು ತುಕ್ಕು ಕಂಡಿತೆಂದರೆ ಹೊಸ ಆಮ್ಲಜನಕ ಸಿಗುತ್ತಿದೆ ಎಂದೇ ಅರ್ಥ.

ಆಮೇಲೆ ಮಾಡಿದ ಪರೀಕ್ಷೆಗೆ ಬೇಕಾದದ್ದು ಒಂದು ಲೋಟ ನೀರು ಮಾತ್ರ. ಪಂಪ್ ನಿಂತು, ನೀರು ಸುಡದಷ್ಟು ತಣ್ಣಗಾದ ಮೇಲೆ, ವೆಂಟ್ ಕೊಳವೆಯ ಬಾಯಿ ಲೋಟದ ನೀರಿನಲ್ಲಿ ಒಂದು ಬೆರಳು ಮುಳುಗುವಂತೆ ಹಿಡಿದುಕೊಂಡು, ಕೆಳಗಿದ್ದವರಿಗೆ ಪಂಪ್ ಹಾಕಲು ಹೇಳಿದೆ. ಎರಡು ಮೂರು ಸೆಕೆಂಡ್ ಏನೂ ಆಗಲಿಲ್ಲ. ನಂತರ ಲೋಟದೊಳಗಿನ ನೀರು ಸ್ಟ್ರಾ ಹಾಕಿ ಹೀರಿದಂತೆ ಮೇಲೇರಿ, ಲೋಟ ಬರಿದಾಗಿ, ಕೊಳವೆಯ ಬಾಯಿಯಿಂದ ಸಣ್ಣಗೆ ಗೊರಗೊರ ಸದ್ದು ಬಂತು. ಉಗಿ ಹೊರಬಿಡಬೇಕಾದ ಕೊಳವೆ, ಪಂಪ್ ನಡೆದಷ್ಟು ಹೊತ್ತೂ ಅಟ್ಟದ ಗಾಳಿಯನ್ನು ಒಳಗೆಳೆಯುತ್ತಿತ್ತು.

ಕಾರಣ ಆ ಜೋಡಣೆಯಲ್ಲಿಯೇ ಇದೆ. ಫೀಡ್ ಕೊಳವೆ ಕೂಡುವ ಜಾಗದಲ್ಲಿ, ಪಂಪ್ ನಡೆದರೂ ನಿಂತರೂ, ಒತ್ತಡ ಬದಲಾಗುವುದಿಲ್ಲ; ಅಟ್ಟದ ತೊಟ್ಟಿಯ ನೀರಿನ ಎತ್ತರವೇ ಅದನ್ನು ನಿರ್ಧರಿಸುತ್ತದೆ. ಅಲ್ಲಿಂದ ನೀರು ಬಾಯ್ಲರ್ ದಾಟಿ ವೆಂಟ್‌ನ ಕವಲಿಗೆ ಬರುವಷ್ಟರಲ್ಲಿ ಕಳೆದುಕೊಂಡಷ್ಟು ಒತ್ತಡಕ್ಕೆ ಸರಿಯಾಗಿ ವೆಂಟ್ ಕೊಳವೆಯೊಳಗಿನ ನೀರು ಕೆಳಗಿಳಿಯುತ್ತದೆ. ಈ ಮನೆಯಲ್ಲಿ ತೊಟ್ಟಿಯ ನೀರಿನ ಮಟ್ಟಕ್ಕೂ ಆ ಕವಲಿಗೂ ಇದ್ದ ಅಂತರ 90 ಸೆಂಟಿಮೀಟರ್ ಮಾತ್ರ. ಅಷ್ಟೂ ನೀರು ಇಳಿದುಹೋದರೆ ಹಿಂದೆಯೇ ಗಾಳಿ ಬರುತ್ತದೆ. ಕೊಳವೆಗಳು ಹೊಸದಾಗಿದ್ದಾಗ ಬಹುಶಃ ಅಷ್ಟು ಇಳಿಯುತ್ತಿರಲಿಲ್ಲ. ಈಗ ಇಳಿಯುತ್ತಿದೆ ಎಂದರೆ ದಾರಿಯಲ್ಲಿ ಹೊಸದೊಂದು ತಡೆ ಇರಬೇಕು.

ಜೇಬಿನಲ್ಲಿದ್ದ ಅಯಸ್ಕಾಂತವೇ ಅದನ್ನು ತೋರಿಸಿಕೊಟ್ಟಿತು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಮರಳುವ ಕೊಳವೆಯ ಉದ್ದಕ್ಕೂ ಅದು ಜಾರಿಕೊಂಡು ಬಂದು, ಫೀಡ್ ಕೂಡುವ ಕವಲನ್ನು ದಾಟಿದ ಕೂಡಲೇ ಟಕ್ಕೆಂದು ಅಂಟಿ ನಿಂತುಬಿಟ್ಟಿತು, ಕೈಬಿಟ್ಟರೂ ಬೀಳಲಿಲ್ಲ. ಒಂದು ಗೇಣಿನಷ್ಟು ಉದ್ದಕ್ಕೂ ಹೀಗೆಯೇ. ಕೊಳವೆಯ ಒಳಗೆ ಮ್ಯಾಗ್ನೆಟೈಟ್ ಗಟ್ಟಿ ಕಟ್ಟಿಕೊಂಡಿತ್ತು.

ಹೀಗೆ ಒಂದು ವಿಷಚಕ್ರ ಏರ್ಪಟ್ಟಿತ್ತು. ಗಾಳಿಯೊಡನೆ ಬಂದ ಆಮ್ಲಜನಕ ರೇಡಿಯೇಟರ್‌ಗಳ ಉಕ್ಕನ್ನು ತಿಂದು ಗಸಿ ಮಾಡಿತು. ಗಸಿ ಮರಳುವ ಕೊಳವೆಯನ್ನು ಕಿರಿದು ಮಾಡಿತು. ಕಿರಿದಾದ ಕೊಳವೆ ವೆಂಟ್‌ನಿಂದ ಇನ್ನಷ್ಟು ಗಾಳಿ ಎಳೆಯಿತು. ದೂರದ ಕೋಣೆಗಳು ತಣ್ಣಗಾದಾಗ ಪಂಪ್‌ನ ವೇಗ ಹೆಚ್ಚಿಸಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು, ಏಕೆಂದರೆ ಹರಿವು ಹೆಚ್ಚಿದರೆ ಒತ್ತಡದ ನಷ್ಟ ಅದರ ವರ್ಗದಂತೆ ಹೆಚ್ಚುತ್ತದೆ. ಇನ್ನು ಗಾಳಿ ತೆಗೆದಾಗಲೆಲ್ಲ ತೊಟ್ಟಿಯಿಂದ ಹೊಸ ನೀರು ಸೇರಿ, ಹಳೆಯ ನೀರಿನಲ್ಲಿ ಅಳಿದುಳಿದಿದ್ದ ತುಕ್ಕುನಿರೋಧಕ ರಾಸಾಯನಿಕವೂ ತೆಳುವಾಗುತ್ತ ಹೋಗಿತ್ತು.

ಕೆಲಸ ನಡೆದ ಕ್ರಮ

ದೂರು ರೇಡಿಯೇಟರ್‌ಗಳ ಬಗ್ಗೆ ಇದ್ದರೂ ಅವುಗಳ ಸರದಿ ಬಂದದ್ದು ಕೊನೆಗೆ. ಮೊದಲು ವ್ಯವಸ್ಥೆಯನ್ನು ತಣ್ಣಗಾಗಿಸಿ, ನೀರು ಇಳಿಸಿ, ಅಯಸ್ಕಾಂತ ಹಿಡಿದಿದ್ದ ಕೊಳವೆಯ ತುಂಡನ್ನು ಕತ್ತರಿಸಿ ತೆಗೆದೆವು. 22 ಮಿಲಿಮೀಟರ್ ಕೊಳವೆಯೊಳಗೆ ನೀರು ಹರಿಯಲು ಉಳಿದಿದ್ದ ದಾರಿಯಲ್ಲಿ ಪೆನ್ಸಿಲ್ ಅಷ್ಟೇ ತೂರುತ್ತಿತ್ತು. ಉಳಿದದ್ದೆಲ್ಲ ಕಲ್ಲಿದ್ದಲಿನಂತಹ ಕಪ್ಪು ಹುರುಪೆ. ಆ ಜಾಗದಲ್ಲಿ ಹೊಸ ಕೊಳವೆ ಹಾಕಿ, ಫೀಡ್‌ನ ಹಳೆಯ ಕವಲನ್ನು ಮುಚ್ಚಿಬಿಟ್ಟೆವು. ಅಟ್ಟದಿಂದ ಇಳಿಯುವ ಫೀಡ್ ಕೊಳವೆ ಹೇಗೂ ಪಂಪ್ ಇದ್ದ ಕಪಾಟಿನ ಮೂಲಕವೇ ಹಾದುಹೋಗುತ್ತಿದ್ದುದರಿಂದ, ಅದನ್ನು ಅಲ್ಲಿಯೇ ವೆಂಟ್‌ನ ಕವಲಿಗೂ ಪಂಪ್‌ಗೂ ನಡುವೆ, ವೆಂಟ್‌ನಿಂದ 150 ಮಿಲಿಮೀಟರ್ ಒಳಗೆ ಸೇರಿಸಲಾಯಿತು. ಎರಡೂ ಕವಲುಗಳು ಅಕ್ಕಪಕ್ಕದಲ್ಲಿದ್ದರೆ ಅವುಗಳ ನಡುವೆ ಒತ್ತಡದ ವ್ಯತ್ಯಾಸವೇ ಉಂಟಾಗುವುದಿಲ್ಲ. ವೆಂಟ್ ಗಾಳಿ ಎಳೆಯುವುದೂ ಇಲ್ಲ, ತೊಟ್ಟಿಗೆ ನೀರು ಸುರಿಯುವುದೂ ಇಲ್ಲ. ತೊಟ್ಟಿಯನ್ನೇ ತೆಗೆದುಹಾಕಿ ವ್ಯವಸ್ಥೆಯನ್ನು ಒತ್ತಡದ ಮುಚ್ಚಿದ ವ್ಯವಸ್ಥೆಯನ್ನಾಗಿ ಮಾಡುವ ದಾರಿಯೂ ಇತ್ತು. ಈ ವಯಸ್ಸಿನ ಬಾಯ್ಲರ್ ಮತ್ತು ತುಕ್ಕು ಹಿಡಿದ ರೇಡಿಯೇಟರ್‌ಗಳ ಮೇಲೆ ಹೆಚ್ಚಿನ ಒತ್ತಡ ಹೇರುವುದು ನನಗೆ ಸರಿ ಕಾಣಲಿಲ್ಲ. ಗ್ಯಾಸ್ ಮತ್ತು ಬಾಯ್ಲರ್‌ನ ಒಳಗಿನ ತಪಾಸಣೆಯನ್ನು ಪರವಾನಗಿ ಇರುವ ತಂತ್ರಜ್ಞರೇ ಮಾಡಿದರು. ಪಂಪ್‌ನ ವೇಗವನ್ನು ಎರಡನೆಯ ಹಂತಕ್ಕೆ ಇಳಿಸಿ ಲೋಟದ ಪರೀಕ್ಷೆಯನ್ನು ಮತ್ತೆ ಮಾಡಿದೆ, ನೀರು ಕದಲಲಿಲ್ಲ. ಮೂರಕ್ಕೆ ಏರಿಸಿದಾಗಲೂ ಅಷ್ಟೇ.

ಎರಡನೆಯದು ಶುದ್ಧೀಕರಣ. ಹೆಚ್ಚಿನ ಹರಿವಿನ ಯಂತ್ರದಿಂದ ಇಡೀ ವ್ಯವಸ್ಥೆಯನ್ನು ಒಂದೇ ದಿನದಲ್ಲಿ ತೊಳೆಯುವ ಪದ್ಧತಿ ಇದೆಯಾದರೂ, ಹಳೆಯ ತೆಳು ಉಕ್ಕಿನ ರೇಡಿಯೇಟರ್‌ಗಳ ವಿಷಯದಲ್ಲಿ ನಿಧಾನವೇ ಲೇಸು. ಶುದ್ಧಿಕಾರಕ ದ್ರವವನ್ನು ನೀರಿಗೆ ಸೇರಿಸಿ ಎರಡು ವಾರ ಎಂದಿನಂತೆ ಬಿಸಿಯಾಗಿ ನಡೆಸಿ, ಆಮೇಲೆ ಗಸಿ ಕೂತಿದ್ದ ರೇಡಿಯೇಟರ್‌ಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸಿದೆವು. ಇಳಿಸುವ ಮೊದಲು ಲಾಕ್‌ಶೀಲ್ಡ್ ವಾಲ್ವ್ (ರೇಡಿಯೇಟರ್‌ನ ಹರಿವನ್ನು ಒಮ್ಮೆ ಹೊಂದಿಸಿ ಬಿಡುವ ವಾಲ್ವ್) ಮುಚ್ಚಲು ಎಷ್ಟು ಸುತ್ತು ತಿರುಗಿಸಬೇಕಾಯಿತು ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಓದುವ ಕೋಣೆಯದನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ನೀರಿನ ಪೈಪ್ ಹಿಡಿದು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಮೊದಲು ಬಂದದ್ದು ನೀರಲ್ಲ, ಕಾಡಿಗೆಯಂತಹ ಮುದ್ದೆ. ನೀರು ತಿಳಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು.

ಅದೇ ರೇಡಿಯೇಟರ್ ಮೂರು ದಿನಗಳ ನಂತರ ಕೆಳಗಿನ ಬೆಸುಗೆಯ ಬಳಿ ಹನಿಯತೊಡಗಿತು. ತುಕ್ಕು ತಿಂದು ತೂತಾಗಿದ್ದ ಜಾಗವನ್ನು ಇಷ್ಟು ದಿನ ತುಕ್ಕೇ ಮುಚ್ಚಿತ್ತು. ತೊಳೆದಾಗ ಅದು ಬಯಲಾಯಿತು. ಹೀಗಾಗಬಹುದೆಂದು ಮನೆಯವರಿಗೆ ಮೊದಲೇ ಹೇಳಿದ್ದೆನಾದರೂ, ಹಸಿಯಾದ ನೆಲಹಾಸನ್ನು ನೋಡಿದಾಗ ಅವರಿಗೆ ಅದು ನೆನಪಾಗಲಿಲ್ಲ, ತಪ್ಪೂ ಅಲ್ಲ. ಅದೇ ಅಳತೆಯ ಮತ್ತು ಅದೇ 1,400 ವಾಟ್‌ನ ಹೊಸ ರೇಡಿಯೇಟರ್ ಹಾಕಿದೆವು.

ಮಲಗುವ ಕೋಣೆಯ ಥರ್ಮೋಸ್ಟ್ಯಾಟಿಕ್ ವಾಲ್ವ್‌ನ (ಕೋಣೆಯ ಬಿಸಿ ನೋಡಿ ತಾನೇ ತೆರೆದು ಮುಚ್ಚುವ ವಾಲ್ವ್) ಕೆಲಸ ಹತ್ತು ನಿಮಿಷದ್ದು. ತಲೆಯನ್ನು ಬಿಚ್ಚಿದರೆ ಒಳಗೊಂದು ಪುಟ್ಟ ಪಿನ್ ಕಾಣುತ್ತದೆ. ಒತ್ತಿದರೆ ಮೂರು ನಾಲ್ಕು ಮಿಲಿಮೀಟರ್ ಒಳಗೆ ಹೋಗಿ, ಬಿಟ್ಟರೆ ತಾನಾಗಿ ಹೊರಬರಬೇಕು. ಇಲ್ಲಿ ಅದು ಒಳಗೇ ಸಿಕ್ಕಿಕೊಂಡಿತ್ತು. ಒಂದು ಹನಿ ಎಣ್ಣೆ ಬಿಟ್ಟು, ವಾಲ್ವ್‌ನ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಮರದ ತುಂಡಿನಿಂದ ಒತ್ತಿ ಒತ್ತಿ ಬಿಡಿಸಿದೆ. ಇಕ್ಕಳದಿಂದ ಹಿಡಿದೆಳೆಯಬಾರದು, ಪಿನ್ ಕಿತ್ತು ಬಂದರೆ ಹಿಂದೆಯೇ ಬಿಸಿ ನೀರು ಬರುತ್ತದೆ. ಆ ವಾಲ್ವ್‌ನ ತಲೆ ದಪ್ಪ ಪರದೆಯ ಹಿಂದೆ ಅಡಗಿತ್ತು ಎಂಬುದನ್ನೂ ಗಮನಿಸಬೇಕು. ಪರದೆಯ ಹಿಂದಿನ ಬಿಸಿಯನ್ನೇ ಕೋಣೆಯ ಬಿಸಿ ಎಂದು ತಿಳಿದು ಅದು ಬೇಗ ಮುಚ್ಚಿಕೊಳ್ಳುತ್ತಿತ್ತು. ಪರದೆಯನ್ನು ಮೋಟು ಮಾಡಿಸಲಾಯಿತು.

ಕೊನೆಗೆ, ವ್ಯವಸ್ಥೆಯಿಂದ ಹೊರಬರುವ ನೀರಿನ ವಿದ್ಯುತ್ ವಾಹಕತೆ ನಲ್ಲಿ ನೀರಿನದಕ್ಕೆ ಹತ್ತಿರವಾಗುವವರೆಗೆ, ಅಂದರೆ ಶುದ್ಧಿಕಾರಕ ಹೊರಹೋಗುವವರೆಗೆ, ತೊಳೆದು, ಬಾಯ್ಲರ್‌ಗೆ ಮರಳುವ ಕೊಳವೆಯಲ್ಲಿ ಅಯಸ್ಕಾಂತದ ಫಿಲ್ಟರ್ ಕೂರಿಸಿ, ತುಕ್ಕುನಿರೋಧಕ ಸೇರಿಸಿ ನೀರು ತುಂಬಿದೆವು.

ಹಂಚಿಕೆ

ಇಷ್ಟೆಲ್ಲ ಆದ ಮೇಲೂ ನಡುಮನೆಯ ರೇಡಿಯೇಟರ್ ತನ್ನ ಹಳೆಯ ಚಾಳಿಯನ್ನು ಬಿಟ್ಟಿರಲಿಲ್ಲ. ನೀರು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಹತ್ತಿರದವುಗಳ ದಾರಿಯನ್ನು ಕಷ್ಟಗೊಳಿಸದ ಹೊರತು ದೂರದವುಗಳಿಗೆ ಪಾಲು ಸಿಗುವುದಿಲ್ಲ. ಈ ಕೆಲಸ ಲಾಕ್‌ಶೀಲ್ಡ್ ವಾಲ್ವ್‌ನದು. ಎಲ್ಲ ಥರ್ಮೋಸ್ಟ್ಯಾಟಿಕ್ ತಲೆಗಳನ್ನು ಬಿಚ್ಚಿಟ್ಟು, ಎಲ್ಲ ಲಾಕ್‌ಶೀಲ್ಡ್‌ಗಳನ್ನು ಪೂರ್ತಿ ತೆರೆದು, ಮೊದಲು ಬಿಸಿಯಾದದ್ದರಿಂದ ಕೊನೆಗೆ ಬಿಸಿಯಾದದ್ದರವರೆಗೆ ಕ್ರಮಸಂಖ್ಯೆ ಕೊಟ್ಟೆ. ಆಮೇಲೆ ಮೊದಲನೆಯದರಿಂದ ಆರಂಭಿಸಿ, ಒಳಹೊರಗಿನ ಕೊಳವೆಗಳ ನಡುವೆ ಸುಮಾರು 11 ಡಿಗ್ರಿ ವ್ಯತ್ಯಾಸ ಬರುವಂತೆ ಒಂದೊಂದನ್ನೇ ಬಿಗಿಗೊಳಿಸುತ್ತ ಹೋದೆ. ಹೊಗೆಯ ತೇವವನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವ ಘನೀಕರಣದ (ಕಂಡೆನ್ಸಿಂಗ್) ಬಾಯ್ಲರ್ ಇದ್ದಿದ್ದರೆ ವ್ಯತ್ಯಾಸವನ್ನು 20 ಡಿಗ್ರಿಗೆ ಇಟ್ಟುಕೊಂಡು, ಮರಳುವ ನೀರು 55ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಿದ್ದೆ. ಎರಕದ ಹಳೆಯ ಬಾಯ್ಲರ್‌ಗೆ ಅಷ್ಟು ತಣ್ಣನೆಯ ನೀರು ಮರಳುವುದು ಒಳ್ಳೆಯದಲ್ಲ. ಹೊಗೆಯ ತೇವ ಒಳಗೇ ಇಬ್ಬನಿಯಾಗಿ ಕಬ್ಬಿಣವನ್ನು ತಿನ್ನುತ್ತದೆ.

ಲಾಕ್‌ಶೀಲ್ಡ್‌ಗೆ ಬೇಕಾದದ್ದು ತಾಳ್ಮೆ. ಪೂರ್ತಿ ತೆರೆದ ಸ್ಥಿತಿಯಿಂದ ಎರಡು ಸುತ್ತು ಮುಚ್ಚಿದರೂ ಹರಿವಿನಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಆಗುವುದಿಲ್ಲ. ಇಡೀ ಆಟ ಇರುವುದು ಮುಚ್ಚುವ ಕೊನೆಯ ಅರ್ಧ ಸುತ್ತಿನಲ್ಲಿ. ನಡುಮನೆಯದು ಕಾಲು ಸುತ್ತಿಗಿಂತ ತುಸು ಹೆಚ್ಚು ತೆರೆದಾಗ ಹದಕ್ಕೆ ಬಂತು. ಪ್ರತಿ ತಿರುವಿನ ನಂತರ 15ರಿಂದ 20 ನಿಮಿಷ ಕಾಯದೆ ಅಳೆದರೆ ಅಂಕಿಗಳು ದಾರಿ ತಪ್ಪಿಸುತ್ತವೆ, ಮತ್ತು ಒಂದನ್ನು ಮುಟ್ಟಿದರೆ ಉಳಿದೆಂಟೂ ಅಲ್ಪಸ್ವಲ್ಪ ಅಲುಗುವುದರಿಂದ ಎರಡನೆಯ ದಿನ ಇನ್ನೊಂದು ಸುತ್ತು ಹಾಕಲೇಬೇಕಾಯಿತು.

ಫಲ ಮತ್ತು ಉಳಿದದ್ದು

ಹೊರಗೆ ಮತ್ತೆ 2 ಡಿಗ್ರಿ ಇದ್ದ ದಿನ ಅಳೆದಾಗ ಓದುವ ಕೋಣೆಯ ರೇಡಿಯೇಟರ್‌ಗೆ 69 ಡಿಗ್ರಿಯ ನೀರು ಬಂದು 58ಕ್ಕೆ ಹೊರಹೋಗುತ್ತಿತ್ತು. ಕೋಣೆ 20 ಡಿಗ್ರಿ. ಲೆಕ್ಕದಂತೆ ಶಾಖ ಸುಮಾರು 1,170 ವಾಟ್, ಹರಿವು ನಿಮಿಷಕ್ಕೆ ಒಂದೂವರೆ ಲೀಟರ್. ನಡುಮನೆಯಲ್ಲಿ ಮೊದಲು ವಾಲ್ವ್‌ನ ಬಳಿ ಕೇಳಿಸುತ್ತಿದ್ದ ಸುಯ್ ಎನ್ನುವ ಸದ್ದು ನಿಂತಿತ್ತು. ಬಾಯ್ಲರ್ ಅದೇ, ಪಂಪ್ ಅದೇ, ಅದೂ ಒಂದು ಹಂತ ಕಡಿಮೆ ವೇಗದಲ್ಲಿ. ಒಂದು ತಿಂಗಳ ನಂತರ ಫಿಲ್ಟರ್ ಬಿಚ್ಚಿದಾಗ ಅಯಸ್ಕಾಂತದ ಕಡ್ಡಿಗೆ ಬೆರಳು ದಪ್ಪದ ಕಪ್ಪು ಲೇಪ ಮೆತ್ತಿಕೊಂಡಿತ್ತು. ಮೂರನೆಯ ತಿಂಗಳಿನಲ್ಲಿ ಬರಿ ಮಸಿ ಬಳಿದಷ್ಟು. ಆ ಮೂರು ತಿಂಗಳಲ್ಲಿ ಗಾಳಿ ತೆಗೆಯಬೇಕಾಗಿ ಬಂದದ್ದು ಒಮ್ಮೆ ಮಾತ್ರ, ಅದೂ ನೀರು ತುಂಬಿದ ಮೊದಲ ವಾರದಲ್ಲಿ, ಬಚ್ಚಲುಮನೆಯಲ್ಲಿ.

ಊಟದ ಕೋಣೆ ಪೂರ್ತಿ ಗೆಲ್ಲಲಿಲ್ಲ. ಅಲ್ಲಿಯ ರೇಡಿಯೇಟರ್‌ಗೆ 68 ಡಿಗ್ರಿಯ ನೀರು ಬಂದು 57ಕ್ಕೆ ಮರಳುತ್ತಿದ್ದರೂ ಚಳಿ ಹೆಚ್ಚಿದ ದಿನ ಕೋಣೆ 18.5 ದಾಟುವುದಿಲ್ಲ. ಇದು ಹರಿವಿನ ದೋಷವಲ್ಲ, ಅಳತೆಯ ದೋಷ: ಎರಡು ಹೊರಗೋಡೆಗಳಿರುವ ಕೋಣೆಗೆ 900 ವಾಟ್‌ನ ಒಂಟಿ ಹಲಗೆಯ ರೇಡಿಯೇಟರ್ ಹಾಕಲಾಗಿದೆ. ಅಷ್ಟೇ ಉದ್ದ ಮತ್ತು ಎತ್ತರದ, ನಡುವೆ ರೆಕ್ಕೆಗಳಿರುವ ಜೋಡಿ ಹಲಗೆಯದನ್ನು ಹಾಕಿದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಶಾಖ ಸಿಗುತ್ತದೆ, ಕೊಳವೆಗಳನ್ನು ಬದಲಿಸುವ ಅಗತ್ಯವೂ ಇಲ್ಲ. ಗೋಡೆಯಿಂದ ತುಸು ಮುಂದೆ ಚಾಚಿಕೊಳ್ಳುತ್ತದೆ ಅಷ್ಟೇ. ಮನೆಯವರು ಅದನ್ನು ಮುಂದಿನ ಚಳಿಗಾಲಕ್ಕೆ ಮುಂದೂಡಿದ್ದಾರೆ. ಆಗ ಬರುವವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗದಂತೆ, 9 ಲಾಕ್‌ಶೀಲ್ಡ್‌ಗಳು ಎಷ್ಟೆಷ್ಟು ಸುತ್ತು ತೆರೆದಿವೆ, ಪಂಪ್ ಯಾವ ಹಂತದಲ್ಲಿದೆ, ತುಕ್ಕುನಿರೋಧಕ ಸೇರಿಸಿದ ದಿನಾಂಕ ಯಾವುದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪಂಪ್ ಇರುವ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ ಬಂದಿದ್ದೇನೆ.